ವೆಬ್ಬಿಗೂ ಒಂದು ಪ್ರಯೋಗಶಾಲೆ ಬೇಡವೆ?

ಸರಳ ಲೋಲಕದ ಪ್ರಯೋಗವನ್ನು ಮಾಡದೆ ಭೌತಶಾಸ್ತ್ರವನ್ನು ಓದಿ ಮುಗಿಸಿದವರು ನಮ್ಮ ಕಾಲೇಜುಗಳಲ್ಲಿ ವಿರಳ. ಒಂದು ದಾರ, ಒಂದು ಲೋಹದ ಗುಂಡು, ಒಂದು ಸ್ಟಾಪ್ ವಾಚು, ಇಷ್ಟರಿಂದಲೇ ವಿದ್ಯಾರ್ಥಿಗಳು ಗುರುತ್ವ ವೇಗೋತ್ಕರ್ಷವನ್ನು ಅಳೆಯುತ್ತಾರೆ. ಉತ್ತರವೇನೋ ಪಠ್ಯಪುಸ್ತಕದಲ್ಲಿ ಮೊದಲೇ ಅಚ್ಚಾಗಿರುವುದು. ಆದರೂ ಅದನ್ನು ಓದಿ ನಂಬಿದರೆ ಸಾಲದು, ಕೈಯಾರೆ ಅಳೆದು ನೋಡಬೇಕೆಂಬುದು ವಿಜ್ಞಾನ ಶಿಕ್ಷಣದ ಹಳೆಯ ನಿಯಮ. ನಿಯಮ ಸರಿಯಾದದ್ದೇ, ಅದನ್ನು ಪ್ರಶ್ನಿಸುವವರಿಲ್ಲ.

ಈಗ ಇನ್ನೊಂದು ಸಾಧನದ ವಿಷಯವನ್ನು ನೋಡೋಣ. ಅದೇ ವಿದ್ಯಾರ್ಥಿಗಳು ಬೆಳಗಿನಿಂದ ರಾತ್ರಿಯವರೆಗೆ ಮೊಬೈಲ್ ಫೋನನ್ನು ಕೈಯಲ್ಲಿ ಹಿಡಿದಿರುತ್ತಾರೆ. ಮಳೆ ಬರುವುದೇ ಎಂದು ಅದರಲ್ಲಿ ನೋಡುತ್ತಾರೆ. ರೈಲು ಎಲ್ಲಿಗೆ ಬಂದಿದೆಯೆಂದು ವಿಚಾರಿಸುತ್ತಾರೆ. ಅಂಗಡಿಯವರಿಗೆ ಹಣ ಸಲ್ಲಿಸುತ್ತಾರೆ. ಈ ಒಂದೊಂದು ಕೆಲಸದ ಹಿಂದೆಯೂ ಒಂದು ಗಣಕಯಂತ್ರ ಇನ್ನೊಂದನ್ನು ಕೇಳಿದ ಪ್ರಶ್ನೆಯಿದೆ, ಅದಕ್ಕೆ ಬಂದ ಉತ್ತರವಿದೆ. ಆ ಪ್ರಶ್ನೆ ಯಾವ ರೂಪದಲ್ಲಿ ಹೋಯಿತು? ಉತ್ತರ ಯಾವ ರೂಪದಲ್ಲಿ ಬಂದಿತು? ಉತ್ತರ ಬಾರದೆ ಹೋದಾಗ ತಪ್ಪು ಕೇಳಿದವರದೊ, ಹೇಳಬೇಕಾಗಿದ್ದವರದೊ? ಹೀಗೆಂದು ಕೇಳಿದರೆ ಉತ್ತರಿಸಬಲ್ಲವರು ಕಡಮೆ. ‘ಎ.ಪಿ.ಐ. ಎಂದರೇನು?’ ಎಂಬ ಪರೀಕ್ಷೆಯ ಪ್ರಶ್ನೆಗೆ ನಾಲ್ಕು ಸಾಲು ಬರೆದು ಅಂಕ ಪಡೆದವರಲ್ಲಿಯೂ ಅನೇಕರು ಅದನ್ನು ಕಣ್ಣಾರೆ ಕಂಡಿರುವುದಿಲ್ಲ. ಲೋಲಕದ ವಿಷಯದಲ್ಲಿ ನಾವು ಒಪ್ಪದ ಬಾಯಿಪಾಠವನ್ನು ಇಲ್ಲಿ ಸುಮ್ಮನೆ ಒಪ್ಪಿಕೊಂಡಿದ್ದೇವೆ. ಇದು ಸರಿಯಲ್ಲ. ವಿಜ್ಞಾನ ಓದುವ ಪ್ರತಿಯೊಬ್ಬರೂ ಒಮ್ಮೆಯಾದರೂ ತಮ್ಮ ಮುಂದಿರುವ ಯಂತ್ರದಲ್ಲಿಯೇ ಒಂದು ಪುಟ್ಟ ಸರ್ವರನ್ನು ಸ್ಥಾಪಿಸಿ, ಅದನ್ನು ಉಳಿದ ಉಪಕರಣಗಳಂತೆಯೇ ಪರೀಕ್ಷೆಗೆ ಗುರಿಮಾಡಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಶಬ್ದಗಳ ಅರ್ಥ ಸ್ಪಷ್ಟವಾಗಲಿ. ರೈಲ್ವೆ ನಿಲ್ದಾಣದಲ್ಲಿ ಮುಂಗಡ ಟಿಕೆಟು ಕೊಡುವ ಕಿಟಕಿಯನ್ನು ನೆನೆದುಕೊಳ್ಳಿ. ಅಲ್ಲಿ ಒಂದು ಅಚ್ಚಾದ ಅರ್ಜಿಯಿರುತ್ತದೆ: ಯಾವ ಗಾಡಿ, ಯಾವ ದಿನ, ಎಲ್ಲಿಂದ ಎಲ್ಲಿಗೆ, ಪ್ರಯಾಣಿಕರು ಯಾರು. ಅದನ್ನು ಸರಿಯಾಗಿ ತುಂಬಿ ಒಳಗೆ ಕೊಟ್ಟರೆ ಟಿಕೆಟು ಹೊರಗೆ ಬರುವುದು. ದಿನಾಂಕ ಬರೆಯದೆ ಕೊಟ್ಟರೆ ಅರ್ಜಿಯೇ ಹಿಂದಕ್ಕೆ ಬರುವುದು. ಕಿಟಕಿಯ ಒಳಗೆ ಕುಳಿತ ಗುಮಾಸ್ತರು ಏನು ಮಾಡುವರೆಂಬುದು ಹೊರಗೆ ನಿಂತವರಿಗೆ ತಿಳಿಯಬೇಕಾಗಿಲ್ಲ. ಅರ್ಜಿಯ ನಮೂನೆ, ಉತ್ತರದ ನಮೂನೆ ಇವೆರಡೂ ಗೊತ್ತಿದ್ದರೆ ಸಾಕು. ಎರಡು ಪ್ರೋಗ್ರಾಂಗಳ ನಡುವೆ ಇರುವ ಇಂಥ ಒಪ್ಪಂದಕ್ಕೆ ಎ.ಪಿ.ಐ. ಎಂದು ಹೆಸರು. ಅರ್ಜಿ ಕೊಡುವುದು ಕ್ಲೈಂಟ್. ಕಿಟಕಿಯ ಒಳಗಿನಿಂದ ಉತ್ತರ ಕೊಡುವುದು ಸರ್ವರ್. ಕೋರಿಕೆಯೂ ಉತ್ತರವೂ ಎಚ್.ಟಿ.ಟಿ.ಪಿ. ಎಂಬ ವೆಬ್ಬಿನ ನಿಯಮಾವಳಿಯಂತೆ ಸಾಗಿದರೆ ಅದು ವೆಬ್ ಎ.ಪಿ.ಐ. ಇಂಥ ಕಿಟಕಿಗಳನ್ನು ಕಟ್ಟುವಾಗ ಪ್ರತಿಸಲವೂ ಬೇಕಾಗುವ ಸಾಮಗ್ರಿಯನ್ನು ಮೊದಲೇ ಸಿದ್ಧಮಾಡಿ ಇಟ್ಟಿರುವ ಪ್ರೋಗ್ರಾಂಗಳ ಸಂಗ್ರಹವೇ ಫ್ರೇಮ್‌ವರ್ಕ್, ಎಂದರೆ ಚೌಕಟ್ಟು.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದೆಲ್ಲ ಏತಕ್ಕೆ ಎನ್ನುವವರಿಗೆ ಇತಿಹಾಸವೇ ಮೊದಲ ಉತ್ತರವನ್ನು ಹೇಳುವುದು. ವೆಬ್ ಹುಟ್ಟಿದ್ದು ಜಿನೀವಾದ ಬಳಿಯ ಸರ್ನ್ ಎಂಬ ಕಣಭೌತಶಾಸ್ತ್ರದ ಸಂಶೋಧನಾಲಯದಲ್ಲಿ. ಅದರ ಮೊದಲ ಪ್ರಸ್ತಾವನೆಯನ್ನು 1989ರ ಮಾರ್ಚ್ ತಿಂಗಳಲ್ಲಿ ಬರೆದ ಟಿಮ್ ಬರ್ನರ್ಸ್-ಲೀ ಆಕ್ಸ್‌ಫರ್ಡಿನಲ್ಲಿ ಓದಿದ್ದು ಭೌತಶಾಸ್ತ್ರವನ್ನೇ. ನಾನಾ ದೇಶಗಳಿಂದ ಬಂದ ವಿಜ್ಞಾನಿಗಳ ಮಾಹಿತಿ ಬೇರೆ ಬೇರೆ ಯಂತ್ರಗಳಲ್ಲಿ ಚದರಿಹೋಗಿತ್ತು. ಅದನ್ನು ಒಬ್ಬರಿಗೊಬ್ಬರು ದೊರಕಿಸಿಕೊಳ್ಳುವ ಬಗೆಯನ್ನು ಅವರು ಹುಡುಕುತ್ತಿದ್ದರು. ಜಗತ್ತಿನ ಮೊದಲ ವೆಬ್ ಸರ್ವರ್ 1990ರ ಕೊನೆಯ ವೇಳೆಗೆ ನೆಕ್ಸ್ಟ್ ಎಂಬ ಸಂಸ್ಥೆಯ ಒಂದು ಮೇಜುಗಣಕದಲ್ಲಿ ನಡೆಯತೊಡಗಿತು. ಯಾರಾದರೂ ತಿಳಿಯದೆ ಆರಿಸಿಬಿಟ್ಟಾರೆಂದು ಆ ಯಂತ್ರಕ್ಕೆ ಎಚ್ಚರಿಕೆಯ ಚೀಟಿಯೊಂದನ್ನು ಅಂಟಿಸಿದ್ದರು. 1991ರ ಎಚ್.ಟಿ.ಟಿ.ಪಿ.ಯಲ್ಲಿ ಕೋರಿಕೆಯೆಂದರೆ ಒಂದೇ ಸಾಲು: ‘ಗೆಟ್’ ಎಂಬ ಪದ, ಅದರ ಮುಂದೆ ಬೇಕಾದ ಕಡತದ ವಿಳಾಸ. 1993ರ ಏಪ್ರಿಲ್ 30ರಂದು ಸರ್ನ್ ತನ್ನ ವೆಬ್ ಪ್ರೋಗ್ರಾಂಗಳನ್ನು ಸರ್ವರ ಸ್ವತ್ತಾಗಿ ಬಿಟ್ಟುಕೊಟ್ಟಿತು.

ಸರ್ವರ್ ಎಂದೊಡನೆ, ದೊಡ್ಡ ಕಟ್ಟಡಗಳ ತಂಪಾದ ಕೋಣೆಗಳಲ್ಲಿ ಸಾಲಾಗಿ ನಿಂತ ಯಂತ್ರಗಳ ಚಿತ್ರ ನಮ್ಮ ಮನಸ್ಸಿಗೆ ಬರುವುದುಂಟು. ಮೇಲಿನ ಇತಿಹಾಸ ಆ ಭ್ರಮೆಯನ್ನು ಕಳೆಯಬೇಕು. ಸರ್ವರ್ ಎಂಬುದು ಯಂತ್ರದ ಜಾತಿಯಲ್ಲ, ಯಂತ್ರ ಮಾಡುವ ಕೆಲಸ. ಕಾಲೇಜಿನ ಗಣಕಗಳ ಕೋಣೆಯಲ್ಲಿರುವ ಹಳೆಯ ಯಂತ್ರವೂ ಆ ಕೆಲಸವನ್ನು ಮಾಡಬಲ್ಲುದು.

ಅದಕ್ಕೆ ಇಂಟರ್‌ನೆಟ್ ಸಂಪರ್ಕವೂ ಬೇಕಾಗಿಲ್ಲ. ಪ್ರತಿಯೊಂದು ಗಣಕವೂ ತನ್ನನ್ನು ತಾನೇ ಕರೆದುಕೊಳ್ಳಲು ಒಂದು ವಿಳಾಸವನ್ನು ಮೀಸಲಾಗಿ ಇಟ್ಟುಕೊಂಡಿದೆ. ಅದು 127.0.0.1, ಅದಕ್ಕೆ ಲೋಕಲ್‌ಹೋಸ್ಟ್ ಎಂಬ ಹೆಸರೂ ಉಂಟು. ಈ ವಿಳಾಸಕ್ಕೆ ಕಳುಹಿಸಿದ ಸಂದೇಶ ತಂತಿಯನ್ನಾಗಲಿ ರೇಡಿಯೋ ತರಂಗವನ್ನಾಗಲಿ ಸೇರುವುದಿಲ್ಲ. ಒಳಗಿಂದೊಳಗೇ ತಿರುಗಿ ಅದೇ ಯಂತ್ರವನ್ನು ತಲಪುವುದು. ಒಂದು ಯಂತ್ರದಲ್ಲಿ ಏಕಕಾಲಕ್ಕೆ ಹಲವು ಸರ್ವರ್‌ಗಳು ನಡೆಯಬಹುದಾದ್ದರಿಂದ ವಿಳಾಸದ ಜೊತೆಗೆ ಪೋರ್ಟ್ ಎಂಬ ಸಂಖ್ಯೆಯನ್ನೂ ಹೇಳಬೇಕಾಗುವುದು. ಒಂದೇ ವಠಾರದಲ್ಲಿ ಹಲವು ಸಂಸಾರಗಳಿದ್ದಾಗ ಬೀದಿಯ ವಿಳಾಸದ ಜೊತೆಗೆ ಮನೆಯ ಸಂಖ್ಯೆಯನ್ನೂ ಬರೆಯುವುದಿಲ್ಲವೆ? ಹಾಗೆಯೇ ಇದು. ಪೋರ್ಟಿನ ಸಂಖ್ಯೆಗೆ 16 ಬಿಟ್ಟುಗಳ ಸ್ಥಳವಿರುವುದರಿಂದ ಅದು 65535ನ್ನು ಮೀರುವಂತಿಲ್ಲ.

ಇನ್ನು ಪ್ರಯೋಗಕ್ಕೆ ಬರೋಣ. ಭಾಷೆ ಪೈಥಾನ್ ಇರಲಿ. ನೆದರ್ಲೆಂಡಿನ ಗೀಡೊ ವಾನ್ ರೋಸಮ್ 1991ರಲ್ಲಿ ಪ್ರಕಟಿಸಿದ ಈ ಭಾಷೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಪರಿಚಿತವಾದುದೇ. ಚೌಕಟ್ಟು ಫ್ಲಾಸ್ಕ್ ಇರಲಿ. ಇದನ್ನು ಆಸ್ಟ್ರಿಯದ ಆರ್ಮಿನ್ ರೊನಾಕರ್ 2010ರಲ್ಲಿ ಹೊರತಂದರು. ಎರಡಕ್ಕೂ ಬೆಲೆ ತೆರಬೇಕಾಗಿಲ್ಲ. ಮೊದಲು ಪ್ರಯೋಗಕ್ಕೆಂದೇ ಒಂದು ಫೋಲ್ಡರನ್ನು ತೆರೆದು, ಪೈಥಾನಿನ ‘ವೆನ್ವ್’ ಎಂಬ ಸೌಲಭ್ಯದಿಂದ ಅದಕ್ಕೆ ಪ್ರತ್ಯೇಕವಾದ ಆವರಣವನ್ನು ಕಲ್ಪಿಸಬೇಕು. ಒಂದು ಪ್ರಯೋಗದ ದ್ರಾವಣ ಇನ್ನೊಂದಕ್ಕೆ ಬೆರೆಯದಂತೆ ಬೇರೆ ಬೇರೆ ಪಾತ್ರೆಗಳನ್ನು ಬಳಸುವ ಎಚ್ಚರಿಕೆಯೇ ಇದು. ಅನಂತರ ‘ಪಿಪ್’ ಎಂಬ ಸಾಧನದಿಂದ ಫ್ಲಾಸ್ಕನ್ನು ತರಿಸಿ ಸ್ಥಾಪಿಸಬೇಕು. ಇಂಟರ್‌ನೆಟ್ ಬೇಕಾಗುವುದು ಇದೊಂದು ಹೆಜ್ಜೆಗೆ ಮಾತ್ರ.

ಬರೆಯಬೇಕಾದ ಪ್ರೋಗ್ರಾಂ ಹತ್ತು ಹನ್ನೆರಡು ಸಾಲುಗಳಿಗಿಂತ ಹೆಚ್ಚಿನದಲ್ಲ. ‘ಲೋಲಕ’ ಎಂಬ ವಿಳಾಸಕ್ಕೆ ಕೋರಿಕೆ ಬಂದಾಗ ಅದರಲ್ಲಿರುವ ಉದ್ದವನ್ನು ಸಂಖ್ಯೆಯಾಗಿ ಪರಿವರ್ತಿಸು; ಉದ್ದವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈಯಿಂದ ಗುಣಿಸು; ಬಂದ ಆಂದೋಲನ ಕಾಲವನ್ನು ಉತ್ತರವಾಗಿ ಕಳುಹಿಸು. ಆಜ್ಞೆ ಇಷ್ಟೆ. ಉತ್ತರವನ್ನು ಜೇಸನ್ ಎಂಬ ರೂಪದಲ್ಲಿ ಕಳುಹಿಸುವುದು ರೂಢಿ. ಹೆಸರು ಮತ್ತು ಅದರ ಬೆಲೆಗಳನ್ನು ಜೋಡಿಜೋಡಿಯಾಗಿ ಬರೆಯುವ ಸರಳವಾದ ಕ್ರಮವದು. ಪ್ರೋಗ್ರಾಮನ್ನು ನಡೆಸಿದರೆ ಫ್ಲಾಸ್ಕ್ ಸಾಮಾನ್ಯವಾಗಿ 5000ನೆಯ ಪೋರ್ಟಿನಲ್ಲಿ ಕಾದು ಕುಳಿತುಕೊಳ್ಳುವುದು. ಬ್ರೌಸರಿನಲ್ಲಿ ಆ ವಿಳಾಸವನ್ನು ಬರೆದು, ಉದ್ದ 1 ಮೀಟರ್ ಎಂದು ಕೊಟ್ಟರೆ, ಬೆಂಗಳೂರಿನ ಸುತ್ತಮುತ್ತಲಿನ ಬೆಲೆಯಾದ ಸುಮಾರು 9.78ನ್ನು ಬಳಸಿದ ಸರ್ವರ್ 2.009 ಸೆಕೆಂಡು ಎಂದು ಉತ್ತರಿಸುವುದು. ಅದೇ ಕ್ಷಣದಲ್ಲಿ ಟರ್ಮಿನಲ್ಲಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಮೂಡುವುದು: ಯಾವ ವಿಳಾಸದಿಂದ, ಯಾವ ಸಮಯದಲ್ಲಿ, ಯಾವ ಕೋರಿಕೆ ಬಂದಿತು, ಏನಾಯಿತು. ಕೊನೆಯಲ್ಲಿ 200 ಎಂಬ ಸಂಖ್ಯೆ. ಕೋರಿಕೆ ಈಡೇರಿತು ಎಂದು ಅದರ ಅರ್ಥ. ಕೇಳುವವರ ಕಡೆಯನ್ನೂ ಹೇಳುವವರ ಕಡೆಯನ್ನೂ ಒಂದೇ ಮೇಜಿನ ಮುಂದೆ ಕುಳಿತು ನೋಡುವ ಅವಕಾಶ ಬೇರೆಲ್ಲಿ ದೊರೆತೀತು?

ಬಹುಮಂದಿ ಇಲ್ಲಿಗೆ ತೃಪ್ತರಾಗಿ ಯಂತ್ರವನ್ನು ಆರಿಸಿಬಿಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಪ್ರಯೋಗ ಆರಂಭವಾಗುವುದೇ ಈಗ. ಸರಿಯಾದ ಪ್ರಶ್ನೆಗೆ ಸರಿಯಾದ ಉತ್ತರ ಬಂದದ್ದರಿಂದ ಉಪಕರಣದ ಗುಣ ತಿಳಿಯಲಿಲ್ಲ. ತಪ್ಪು ಪ್ರಶ್ನೆಗಳನ್ನು ಕೇಳಿ ನೋಡಬೇಕು. ವಿಳಾಸದಲ್ಲಿ ಒಂದಕ್ಷರ ತಪ್ಪಿಸಿದರೆ 404 ಎಂಬ ಉತ್ತರ ಬರುವುದು. ಅಂಥ ಕಿಟಕಿ ಇಲ್ಲಿಲ್ಲ ಎಂದು ಅರ್ಥ. ಸರ್ವರನ್ನೇ ನಿಲ್ಲಿಸಿ ಕೇಳಿದರೆ ಯಾವ ಸಂಖ್ಯೆಯೂ ಬರುವುದಿಲ್ಲ. ಸಂಪರ್ಕ ದೊರೆಯಲಿಲ್ಲವೆಂದು ಬ್ರೌಸರೇ ಹೇಳಿಕೊಳ್ಳುವುದು. ಮನೆಯವರು ‘ಇಲ್ಲ’ ಎಂದು ಹೇಳುವುದಕ್ಕೂ ಮನೆಯಲ್ಲಿ ಯಾರೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವಿದು. ಉದ್ದದ ಸ್ಥಾನದಲ್ಲಿ ಸಂಖ್ಯೆಯ ಬದಲು ಅಕ್ಷರಗಳನ್ನು ಬರೆದರೆ, ಇಲ್ಲವೆ ಋಣಸಂಖ್ಯೆಯನ್ನು ಕೊಟ್ಟರೆ, ನಮ್ಮ ಪ್ರೋಗ್ರಾಂ ಮುಗ್ಗರಿಸಿ 500 ಎಂದು ಹೇಳುವುದು. ಎಚ್.ಟಿ.ಟಿ.ಪಿ.ಯಲ್ಲಿ ನಾಲ್ಕು ನೂರರ ಸಾಲಿನ ಸಂಖ್ಯೆಗಳು ಕೇಳಿದವರ ತಪ್ಪನ್ನೂ ಐದು ನೂರರ ಸಾಲಿನವು ಉತ್ತರಿಸುವವರ ತಪ್ಪನ್ನೂ ಸೂಚಿಸುತ್ತವೆ. ಋಣ ಉದ್ದವನ್ನು ಕೊಟ್ಟವರ ತಪ್ಪನ್ನು ಸರ್ವರ್ ತನ್ನ ತಲೆಯ ಮೇಲೆ ಹೊತ್ತುಕೊಂಡಂತಾಯಿತು. ಅದನ್ನು ಮೊದಲೇ ಪರೀಕ್ಷಿಸಿ, ಕಾರಣವನ್ನು ತಿಳಿಸಿ, 400 ಎಂದು ಹಿಂದಿರುಗಿಸುವುದು ಸರಿಯಾದ ಕ್ರಮ. ಅರ್ಜಿಯಲ್ಲಿ ದಿನಾಂಕವಿಲ್ಲದಿದ್ದರೆ ‘ದಿನಾಂಕ ಬರೆಯಿರಿ’ ಎನ್ನುವ ಗುಮಾಸ್ತರಿಗೂ ಏನೂ ಹೇಳದೆ ಕಿಟಕಿಯನ್ನು ಮುಚ್ಚಿಬಿಡುವವರಿಗೂ ಭೇದವಿಲ್ಲವೆ?

ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗವೂ ಇದೆ. ಉದ್ದ ಸೊನ್ನೆ ಎಂದರೆ ಸರ್ವರ್ ಸ್ವಲ್ಪವೂ ಅಳುಕದೆ ಸೊನ್ನೆ ಸೆಕೆಂಡು ಎನ್ನುವುದು, ಸಂಖ್ಯೆ 200. ಪೈಥಾನಿನಲ್ಲಿ ‘ನ್ಯಾನ್’ ಎಂಬುದೊಂದು ವಿಚಿತ್ರವಾದ ಬೆಲೆಯುಂಟು. ‘ಸಂಖ್ಯೆಯಲ್ಲದ್ದು’ ಎಂದು ಅದರ ಅರ್ಥ. ಉದ್ದದ ಸ್ಥಾನದಲ್ಲಿ ಆ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದರೆ ಪೈಥಾನ್ ಅದನ್ನು ಅಕ್ಷರವೆಂದು ತಿರಸ್ಕರಿಸದೆ ಸಂಖ್ಯೆಗಳ ಪಂಕ್ತಿಯಲ್ಲಿಯೇ ಕೂರಿಸಿಕೊಳ್ಳುವುದು. ‘ಅದು ಶೂನ್ಯಕ್ಕಿಂತ ಕಡಮೆಯೆ?’ ಎಂದು ಕೇಳಿದರೆ ಅಲ್ಲವೆಂಬ ಉತ್ತರ ಬರುವುದರಿಂದ ನಾವು ಅದನ್ನು ಒಳಗೆ ಬಿಟ್ಟುಬಿಡುತ್ತೇವೆ. ‘ಅದು ಶೂನ್ಯಕ್ಕಿಂತ ಹೆಚ್ಚೆ?’ ಎಂದು ಕೇಳಿದರೂ ಬರುವುದು ಅಲ್ಲವೆಂಬ ಉತ್ತರವೇ. ಆಗ ಅದನ್ನು ಹೊರಗೇ ನಿಲ್ಲಿಸಬಹುದು. ಕೆಟ್ಟದ್ದನ್ನು ಪಟ್ಟಿಮಾಡಿ ತಡೆಯುವುದಕ್ಕಿಂತ ಒಳ್ಳೆಯದನ್ನು ನಿರ್ದಿಷ್ಟವಾಗಿ ಹೇಳಿ ಅದಷ್ಟನ್ನೇ ಒಪ್ಪುವುದು ಕ್ಷೇಮ. ಉದ್ದ ಶೂನ್ಯಕ್ಕಿಂತ ಹೆಚ್ಚಾಗಿರಬೇಕು, 10 ಮೀಟರನ್ನು ಮೀರಬಾರದು ಎಂದು ಎರಡು ಎಲ್ಲೆಗಳನ್ನೂ ಹಾಕಿದರೆ ಇಂಥ ಬೆಲೆಗಳೆಲ್ಲ ಒಮ್ಮೆಗೇ ಹೊರಗುಳಿಯುವುವು.

ಉತ್ತರವನ್ನೂ ಪರೀಕ್ಷಿಸಬೇಕು. ಗಣಕ ತಾನಾಗಿ ಕೊಡುವ ಉತ್ತರದಲ್ಲಿ ದಶಾಂಶ ಬಿಂದುವಿನ ಮುಂದೆ ಹತ್ತಕ್ಕೂ ಹೆಚ್ಚು ಅಂಕೆಗಳಿರುತ್ತವೆ. ಉದ್ದವನ್ನು ಮೀಟರ್ ಪಟ್ಟಿಯಿಂದ 1 ಮಿಲಿಮೀಟರಿನ ಮಟ್ಟಿಗೆ ಅಳೆದಿದ್ದರೆ, 1 ಮೀಟರ್ ಉದ್ದದ ಲೋಲಕದ ಆಂದೋಲನ ಕಾಲದಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಸಂದೇಹ ಉಳಿದೇ ಉಳಿಯುವುದು. ಮೂರನೆಯ ದಶಾಂಶದಿಂದ ಆಚೆಗಿನ ಅಂಕೆಗಳೆಲ್ಲ ಬರಿಯ ಆಡಂಬರ. ಸೂತ್ರವೂ ಸಣ್ಣ ಕೋನಗಳಿಗೆ ಮಾತ್ರ ಹೊಂದುವಂಥದು. ಲೋಲಕವನ್ನು 30 ಡಿಗ್ರಿ ಎಳೆದು ಬಿಟ್ಟರೆ ಸುಮಾರು ನೂರಕ್ಕೆ 1.7ರಷ್ಟು ವ್ಯತ್ಯಾಸ ಬರುವುದು. ಇದನ್ನು ಉತ್ತರದ ಜೊತೆಗೆ ಹೇಳದ ಸರ್ವರ್ ಸುಳ್ಳು ಹೇಳಿತೆನ್ನಲಾಗದು; ಪೂರ್ತಿ ನಿಜ ಹೇಳಿತೆಂದೂ ಅನ್ನಲಾಗದು.

ಮಾನಗಳ ವಿಷಯವಂತೂ ಎಷ್ಟು ಹೇಳಿದರೂ ಸಾಲದು. ಉದ್ದ 100 ಎಂದು ಒಬ್ಬರು ಸೆಂಟಿಮೀಟರಿನ ಲೆಕ್ಕದಲ್ಲಿ ಕಳುಹಿಸಿದರು, ಸರ್ವರ್ ಅದನ್ನು ಮೀಟರೆಂದು ತಿಳಿಯಿತು ಎಂದಿಟ್ಟುಕೊಳ್ಳಿ. ಮೇಲೆ ಹೇಳಿದ ಎಲ್ಲೆಯಿಲ್ಲದಿದ್ದರೆ 20.09 ಸೆಕೆಂಡು ಎಂಬ ಉತ್ತರ ನಿರಾತಂಕವಾಗಿ ಬರುವುದು. ಇದು ಆಟದ ಮಾತಲ್ಲ. ಅಮೆರಿಕದ ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಬಳಿ ನಾಶವಾದದ್ದು ಇಂಥ ತಪ್ಪಿನಿಂದಲೇ. ನೌಕೆಯ ಪುಟ್ಟ ರಾಕೆಟ್ಟುಗಳ ಆವೇಗವನ್ನು ಭೂಮಿಯ ಮೇಲಿನ ಒಂದು ಪ್ರೋಗ್ರಾಂ ಪೌಂಡು-ಸೆಕೆಂಡುಗಳಲ್ಲಿ ಲೆಕ್ಕಹಾಕಿ ಕೊಟ್ಟಿತು. ಅದನ್ನು ಪಡೆದ ಇನ್ನೊಂದು ಪ್ರೋಗ್ರಾಂ ನ್ಯೂಟನ್-ಸೆಕೆಂಡುಗಳೆಂದು ಭಾವಿಸಿತು. ಎರಡಕ್ಕೂ ನಾಲ್ಕೂವರೆಯಷ್ಟರ ಅಂತರ. ಎರಡು ಪ್ರೋಗ್ರಾಂಗಳೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಕೆಲಸ ಮಾಡಿದ್ದುವು. ಕೆಟ್ಟದ್ದು ಅವುಗಳ ನಡುವಣ ಒಪ್ಪಂದ. ‘ಉತ್ತರಕ್ಕೆ ಮಾನ ಬರೆಯಿರಿ’ ಎಂದು ಅಧ್ಯಾಪಕರು ಅಂಕ ಕಳೆದಾಗ ಗೊಣಗುವ ವಿದ್ಯಾರ್ಥಿಗಳು ಈ ಕಥೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಕೋರಿಕೆಯಲ್ಲಿ ಬರಿಯ ‘ಉದ್ದ’ ಎನ್ನದೆ ‘ಮೀಟರಿನಲ್ಲಿ ಉದ್ದ’ ಎಂದೇ ಹೆಸರಿಟ್ಟರೆ ಅರ್ಧ ಅಪಾಯ ಕಳೆದಂತೆ.

ಚೌಕಟ್ಟುಗಳ ಬಗೆಗೂ ಒಂದು ಮಾತು. ಅವು ನಮ್ಮ ಶ್ರಮವನ್ನು ಉಳಿಸುತ್ತವೆ. ಉಳಿಸುವಾಗ ಒಂದಷ್ಟನ್ನು ಮರೆಮಾಡುತ್ತವೆ. ಕೋರಿಕೆಯ ಸಾಲುಗಳನ್ನು ಬಿಡಿಸಿ ಓದುವುದು, ಯಾವ ವಿಳಾಸಕ್ಕೆ ಯಾವ ಕ್ರಿಯೆಯೆಂದು ಹೊಂದಿಸುವುದು, ಉತ್ತರಕ್ಕೆ ತಲೆಬರಹಗಳನ್ನು ಜೋಡಿಸುವುದು ಇವೆಲ್ಲ ಫ್ಲಾಸ್ಕಿನ ಒಳಗೇ ನಡೆದುಹೋಗುವುವು. ಆದಕಾರಣ, ಪೈಥಾನಿನ ಜೊತೆಯಲ್ಲೇ ಬರುವ ಎಚ್.ಟಿ.ಟಿ.ಪಿ. ಸರ್ವರ್ ಭಾಗವನ್ನು ಬಳಸಿ ಇದೇ ಲೋಲಕದ ಸೇವೆಯನ್ನು ಮೊದಲೊಮ್ಮೆ ಚೌಕಟ್ಟಿಲ್ಲದೆಯೇ ಬರೆಯಬೇಕೆಂದು ನಾವು ಸಲಹೆ ಮಾಡುತ್ತೇವೆ. ಲಾಗರಿತಮ್ ಕೋಷ್ಟಕವನ್ನು ಒಮ್ಮೆ ಬಳಸಿದವರಿಗೆ ಕ್ಯಾಲ್ಕ್ಯುಲೇಟರಿನ ಉಪಕಾರ ಹೆಚ್ಚು ಚೆನ್ನಾಗಿ ತಿಳಿಯುವಂತೆ, ಹೀಗೆ ಮಾಡಿದವರಿಗೆ ಚೌಕಟ್ಟು ಎಲ್ಲಿ ನೆರವಾಗುವುದು, ಎಲ್ಲಿ ತಾವೇ ಎಚ್ಚರವಾಗಿರಬೇಕು ಎಂಬುದು ಗೊತ್ತಾಗುವುದು.

ಎಚ್ಚರದ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ಫ್ಲಾಸ್ಕಿನ ಜೊತೆಗೆ ಬರುವ ಸರ್ವರ್ ಅಭ್ಯಾಸಕ್ಕೆ ಮಾತ್ರ ತಕ್ಕುದು. ಹಾಗೆಂದು ಅದೇ ಪರದೆಯ ಮೇಲೆ ಎಚ್ಚರಿಸುವುದು. 127.0.0.1ರ ಬದಲು 0.0.0.0 ಎಂದು ಬರೆದರೆ ಅದೇ ಜಾಲದಲ್ಲಿರುವ ಬೇರೆ ಯಂತ್ರಗಳಿಂದ ಬಂದ ಕೋರಿಕೆಗಳನ್ನೂ ಅದು ಸ್ವೀಕರಿಸುವುದು. ತಪ್ಪು ಹುಡುಕುವ ‘ಡೀಬಗ್’ ಸೌಲಭ್ಯವನ್ನು ತೆರೆದಿಟ್ಟುಕೊಂಡು ಹೀಗೆ ಮಾಡಿದರೆ, ಆ ಕಿಟಕಿಯ ಮೂಲಕ ಹೊರಗಿನವರು ನಮ್ಮ ಯಂತ್ರದಲ್ಲಿ ತಮ್ಮ ಆಜ್ಞೆಗಳನ್ನು ನಡೆಸುವ ಅಪಾಯವಿದೆ. ಬಾಗಿಲು ಹಾಕಿದ ಕೋಣೆಯಲ್ಲಿ ಮಾಡಬೇಕಾದ ಪ್ರಯೋಗವನ್ನು ಬೀದಿಯಲ್ಲಿ ಮಾಡಬಾರದು.

ಇಷ್ಟನ್ನು ಕೇಳಿ ಕೆಲವರು ಆಕ್ಷೇಪಿಸಬಹುದು. ಇದು ಗಣಕ ವಿಜ್ಞಾನದವರ ಕೆಲಸ, ಭೌತಶಾಸ್ತ್ರದ ಸಮಯವನ್ನು ಇದಕ್ಕೇಕೆ ಕೊಡಬೇಕೆಂಬುದು ಒಂದು. ಎಲ್ಲೆ, ಮಾನ, ನಿಷ್ಕೃಷ್ಟತೆ, ಸೂತ್ರದ ವ್ಯಾಪ್ತಿ, ಮೇಲೆ ನಾವು ಚರ್ಚಿಸಿದ್ದೆಲ್ಲ ಇವೇ. ಇವು ಭೌತಶಾಸ್ತ್ರದ ಪಾಠಗಳಲ್ಲದೆ ಮತ್ತೇನು? ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಕೇಳಿದರೆ ಇಂಥ ಪ್ರೋಗ್ರಾಮನ್ನು ಕ್ಷಣದಲ್ಲಿ ಬರೆದುಕೊಡುವುವು, ಕಲಿಯುವ ಕಷ್ಟವೇಕೆಂಬುದು ಇನ್ನೊಂದು. ಬರೆದುಕೊಡುವುವು, ನಿಜ. ಅವು ಬರೆದದ್ದು ಋಣ ಉದ್ದಕ್ಕೆ ಏನು ಹೇಳುವುದು, ಸೆಂಟಿಮೀಟರನ್ನು ಹೇಗೆ ತಿಳಿಯುವುದು ಎಂದು ಪರೀಕ್ಷಿಸಬೇಕಾದವರು ಯಾರು? ಪರೀಕ್ಷಿಸಲು ತಿಳಿಯದವರಿಗೆ ಒಳ್ಳೆಯ ಪ್ರೋಗ್ರಾಮೂ ಕೆಟ್ಟದ್ದೂ ಒಂದೇ ರೀತಿ ಕಾಣುವುವು. ಬರೆಯುವ ಶ್ರಮ ಕಡಮೆಯಾದಷ್ಟೂ ಪರೀಕ್ಷಿಸುವ ಹೊಣೆ ಹೆಚ್ಚುವುದು. ಹಳ್ಳಿಯ ಕಾಲೇಜುಗಳಲ್ಲಿ ಸೌಕರ್ಯವಿಲ್ಲವೆಂಬುದು ಮೂರನೆಯ ಆಕ್ಷೇಪ. ಇಂಟರ್‌ನೆಟ್ ಇಲ್ಲದೆಯೂ, ಹಳೆಯ ಯಂತ್ರದಲ್ಲಿಯೂ ನಡೆಯುವ ಪ್ರಯೋಗವಿದೆಂದು ಆಗಲೇ ಹೇಳಿದ್ದೇವೆ. ಸೌಕರ್ಯ ಕಡಮೆ ಇರುವಲ್ಲಿಯೇ ಇದು ಹೆಚ್ಚು ಉಪಯುಕ್ತ.

ಆದ್ದರಿಂದ ನಮ್ಮ ಸೂಚನೆ ಇಷ್ಟೆ. ಪದವಿ ತರಗತಿಯ ಮೊದಲ ವರ್ಷದ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಎರಡು ಮಧ್ಯಾಹ್ನಗಳನ್ನು ಇದಕ್ಕೆ ಮೀಸಲಿಡಬೇಕು. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಕುಳಿತುಕೊಳ್ಳಲಿ. ಒಬ್ಬರು ಸರ್ವರನ್ನು ಬರೆದು, ಅದಕ್ಕೆ ಏನು ಕೊಡಬೇಕು, ಯಾವ ಮಾನದಲ್ಲಿ ಕೊಡಬೇಕು, ಏನು ಬರುವುದು ಎಂಬುದನ್ನು ಒಂದು ಪುಟದಲ್ಲಿ ವಿವರಿಸಲಿ. ಇನ್ನೊಬ್ಬರು ಸರ್ವರಿನ ಪ್ರೋಗ್ರಾಮನ್ನು ನೋಡದೆ, ಆ ಒಂದು ಪುಟವನ್ನಷ್ಟೇ ಓದಿ ಅದನ್ನು ಬಳಸಲಿ. ಬಳಸಿ ಮುಗಿದ ಮೇಲೆ ಅದನ್ನು ತಪ್ಪಿಸಲು ಯತ್ನಿಸಲಿ. ಕೊನೆಗೆ ಇಬ್ಬರೂ ನಿಜವಾದ ದಾರ ಮತ್ತು ಗುಂಡನ್ನು ತಂದು, ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು, ಸರ್ವರ್ ಹೇಳಿದ ಉತ್ತರದೊಡನೆ ಹೋಲಿಸಿ ನೋಡಲಿ. ವೆಬ್ಬಿನ ಉತ್ತರವನ್ನು ಪ್ರಕೃತಿಯ ಉತ್ತರದೊಡನೆ ಸರಿತೂಗಿ ನೋಡುವ ಅಭ್ಯಾಸ ಒಮ್ಮೆ ಬಂದರೆ, ಮುಂದೆ ಪರದೆಯ ಮೇಲೆ ಮೂಡಿದ ಯಾವ ಸಂಖ್ಯೆಯನ್ನೂ ಅವರು ಪ್ರಶ್ನಿಸದೆ ಒಪ್ಪಿಕೊಳ್ಳಲಾರರು.